ಹೂ ಮುಡಿಸುವ ಊರಲ್ಲಿ ಒಂದು ಹಾಸ್ಯನಾಟಕ

ಗುಬ್ಬಿಯ ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲೇ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಮೇಡಂ, ನಂಗೆ ಹೂ ಮುಡಿಸ್ಬುಟ್ರು" ಎಂದಳು. ತಲೆ ತುಂಬ ಕಾಕಡ, ಕನಕಾಂಬರ. ಜಡೆಯೇ ಕಾಣದಷ್ಟು ಹೂವು. ಧಾರವಾಡದಿಂದ ಆಗಷ್ಟೇ ಬಂದಿದ್ದ ನಾನು, "ಭಾಳ ಛಂದ ಕಾಣಸ್ತದ ನೋಡು" ಎಂದೆ. ಅವಳು ಇನ್ನೇನೋ ಹೇಳಲು ಬಾಯಿ ತೆರೆದವಳು ನನ್ನ ಮುಖ ನೋಡಿ ಸುಮ್ಮನಾದಳು. ಆಮೇಲೆ "ಥ್ಯಾಂಕ್ಸ್ ಮೇಡಂ" ಎಂದು ಹೋದಳು. ಅವಳ ಹೆಸರು ಸಿಂಧು. ಮರುದಿನದಿಂದ ಅವಳು ಕ್ಲಾಸಿಗೆ ಬರಲಿಲ್ಲ.

ಹೂ ಮುಡಿಸುವುದೆಂದರೆ ಏನೆಂದು ನನಗೆ ತಿಳಿಸಿದವರು ತುಮಕೂರಿನಲ್ಲಿ ನನಗೆ ಬಾಡಿಗೆಗೆ ಮನೆ ಕೊಟ್ಟ ಗಂಗಮ್ಮ. ನಮ್ಮ ಕಡೆ ಮದುವೆ ಗೊತ್ತಾದರೆ ಹುಡುಗಿಯ ಬಾಯಿಗೆ ಸಕ್ಕರೆ ಹಾಕುತ್ತೇವಲ್ಲ, ಹಾಗೆ ಇಲ್ಲಿ ಗಂಡಿನ ಕಡೆಯ ಹೆಂಗಸರು ಬಂದು ಹುಡುಗಿಯ ತಲೆಗೆ ಹೂ ಮುಡಿಸುತ್ತಾರೆ. ನಾಲ್ಕು ಜನರ ಎದುರು ಮುಡಿಸಿದರೆ ಮುಗಿಯಿತು, ಆಮೇಲೆ ಅವಳು ಆ ಮನೆಯವಳು.

"ಹಂಗಾದ್ರ ಆ ಹುಡುಗಿ ನನ್ನ ಕಡೆ ಯಾಕ ಬಂದಿದ್ಲ್ರಿ?" ಎಂದು ಕೇಳಿದೆ.

"ನೀವು ಮೇಡಮ್ಮು. ಏನಾರ ಮಾಡ್ತೀರೇನೋ ಅಂತ ಬಂದಿರ್ತಾಳೆ" ಎಂದರು ಗಂಗಮ್ಮ. "ಹೂ ಮುಡಿಸಿದ್ ಮ್ಯಾಲೆ ಬ್ಯಾಡ ಅನ್ನಂಗಿಲ್ಲ ಕಣಮ್ಮ, ಮನೆ ಮರ್ವಾದೆ ಹೋಯ್ತದೆ. ಬುಡಿ, ಆಗಿದ್ದು ಆಯ್ತು."

ಬುಡಿ ಎಂದರೆ ಬಿಡಿ. ಈ ಸೀಮೆಯಲ್ಲಿ ಯಾವ ಮಾತೂ ಈ ಪದವಿಲ್ಲದೆ ಮುಗಿಯುವುದಿಲ್ಲ. ಕರೆಂಟ್ ಹೋದರೆ ಬುಡಿ, ಬಸ್ ತಪ್ಪಿದರೆ ಬುಡಿ, ಹುಡುಗಿ ಕಾಲೇಜು ಬಿಟ್ಟರೂ ಬುಡಿ. ಮೊದಲು ನನಗೆ ಇದು ದೊಡ್ಡ ಮನಸ್ಸಿನವರ ಮಾತು ಎನ್ನಿಸಿತ್ತು. ಸಿಂಧುವಿನ ಬೆಂಚು ಖಾಲಿಯಾದ ಮೇಲೆ ಅದನ್ನು ಕೇಳಿದಾಗಲೆಲ್ಲ ಎಲ್ಲೋ ಒಂದು ಬಾಗಿಲು ಹಾಕಿದ ಸದ್ದು ಕೇಳಿದಂತಾಗುತ್ತಿತ್ತು.

ಈ ಗಂಗಮ್ಮನವರ ಮನೆ ಸಿಕ್ಕಿದ್ದೂ ಒಂದು ಕಥೆಯೇ. ನಾನು ಮನೆ ಕೇಳಲು ಹೋದಾಗ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. "ಯಾವ ಜನ?" ಎಂದರು. "ಧಾರವಾಡದ ಜನಾರೀ" ಎಂದೆ. ಕಿವಿ ಮಂದವಾದವರಿಗೆ ಹೇಳುವಂತೆ ನಿಧಾನವಾಗಿ, "ಅದಲ್ಲಮ್ಮ, ಯಾವ ಜನ ನೀವು?" ಎಂದರು. "ಒಳ್ಳೇ ಜನಾರೀ" ಎಂದೆ. ಒಳಗಿದ್ದ ಅವರ ಸೊಸೆ ಕಿಸಕ್ಕೆಂದು ನಕ್ಕಳು. ಈ ಕಡೆ ಯಾವ ಜನ ಎಂದರೆ ಯಾವ ಜಾತಿ ಎಂದು ಅರ್ಥ. ಅದು ತೀರ್ಮಾನವಾದ ಮೇಲೆ ಸಂಬಳ, ಆಮೇಲೆ ಮದುವೆ. ಮೂವತ್ತೈದಕ್ಕೆ ಮದುವೆಯಾಗದೆ ಇರುವುದು ಕಾಯಿಲೆಯೋ ಹಟವೋ ಎಂದು ಅವರು ಬಹಳ ಹೊತ್ತು ವಿಚಾರಿಸಿದರು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಯಾಕೆಂದರೆ ಈ ಸಂದರ್ಶನವನ್ನು ನಾನು ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದೆ.

ನನ್ನ ಸಂಶೋಧನೆಯ ವಿಷಯ ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಹಾಸ್ಯನಾಟಕಗಳ ಹೆಣ್ಣುಪಾತ್ರಗಳು. ಹೆಸರು ಕೇಳಿದರೆ ಆಕಳಿಕೆ ಬರಬಹುದು, ನಾಟಕಗಳು ಮಾತ್ರ ಆಕಳಿಸಲು ಬಿಡುವುದಿಲ್ಲ. ಲಂಡನ್ನಿನ ಒಂದು ದೊಡ್ಡ ಮನೆ, ಟೀ ಕಪ್ಪುಗಳು, ತಂದೆಯಿಲ್ಲದ ಒಬ್ಬ ಹುಡುಗಿ, ಅವಳನ್ನು ಸಾಕಿಕೊಂಡಿರುವ ಒಬ್ಬ ಅತ್ತೆ. ಮೊದಲ ಅಂಕದಲ್ಲಿ ಆ ಹುಡುಗಿಯ ಬಾಯಿಗೆ ಸಿಕ್ಕ ಗಂಡಸು ಉಳಿಯುವುದಿಲ್ಲ. ಎರಡನೆಯದರಲ್ಲಿ ಅವಳು ಹೂಡುವ ಆಟಕ್ಕೆ ಮನೆಯೆಲ್ಲ ತಲೆಕೆಳಗಾಗುತ್ತದೆ. ಕೊನೆಯ ಅಂಕದಲ್ಲಿ ಜೋಡಿಗಳು ಕೂಡುತ್ತವೆ, ಗಂಡು ಅವಳ ಕೈ ಹಿಡಿಯುತ್ತಾನೆ, ಎಲ್ಲರೂ ಮಾತಾಡುತ್ತಾರೆ, ಪರದೆ ಬೀಳುತ್ತದೆ. ಹುಡುಗಿ ಮಾತ್ರ ಕೈ ಹಿಡಿಸಿಕೊಂಡ ಕ್ಷಣದಿಂದ ಮಾತಾಡುವುದೇ ಇಲ್ಲ. ನಾನು ಓದಿದ ನಾಟಕಗಳಲ್ಲಿ ಇದು ಮತ್ತೆ ಮತ್ತೆ ಕಂಡಿತು. ನಗುತ್ತ ಓದಿದವಳು ಕಡೆಗೆ ಹೆದರಿಕೊಂಡೇ ಕೊನೆಯ ಪುಟ ತಿರುಗಿಸುವಂತಾಯಿತು.

ಕೊನೆಯವರೆಗೂ ಮಾತಾಡುವ ಹೆಂಗಸು ಒಬ್ಬಳೇ, ಆ ಅತ್ತೆ. ಬಂದ ಗಂಡಿಗೆ ಆದಾಯ ಎಷ್ಟು, ಮನೆ ಎಲ್ಲಿ, ತಂದೆ ಯಾರು ಎಂದು ಕೇಳುವವಳು ಅವಳು. ಅವಳನ್ನು ನೋಡಿ ಜನ ಬಿದ್ದು ಬಿದ್ದು ನಗುತ್ತಾರೆ, ವಿಮರ್ಶಕರೂ ಅವಳನ್ನು ಹಾಸ್ಯದ ಬೊಂಬೆ ಎಂದೇ ಬರೆದಿದ್ದಾರೆ. ನನ್ನ ವಾದ ಬೇರೆ. ಆ ಶತಮಾನದ ಬಹುಪಾಲು ಅಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನದಾಗುತ್ತಿತ್ತು. ಹಾಗಿರುವಾಗ ಆದಾಯ ಎಷ್ಟೆಂದು ಕೇಳುವ ಅತ್ತೆ ಪೆದ್ದಿಯಲ್ಲ, ತಾನು ಅನುಭವಿಸಿದ್ದನ್ನು ತಿಳಿದವಳು. ಆದರೆ ತಿಳಿದದ್ದನ್ನು ಅವಳು ಹುಡುಗಿಗೆ ಹೇಳಿಕೊಡುವುದಿಲ್ಲ, ಬಾಗಿಲು ಕಾಯುತ್ತಾಳೆ. ನಾಟಕಕಾರರು ಅಧಿಕಾರವನ್ನೆಲ್ಲ ಅವಳ ತಲೆಯ ದೊಡ್ಡ ಗರಿಯ ಟೋಪಿಗೆ ಸಿಕ್ಕಿಸಿ, ಅದರ ಹಿಂದಿದ್ದ ಗಂಡಸರನ್ನೂ ಕಾನೂನನ್ನೂ ಕಾಣದಂತೆ ಮಾಡಿಬಿಟ್ಟರು. ನಾವು ಟೋಪಿ ನೋಡಿ ನಗುತ್ತೇವೆ.

ಇದನ್ನೆಲ್ಲ ಧಾರವಾಡದಲ್ಲಿ ಕೂತು ಬರೆಯುವಾಗ ಅದು ಲಂಡನ್ನಿನ ಸಂಗತಿಯಾಗಿತ್ತು.

ಉಳಿದದ್ದೆಲ್ಲ ನಿಧಾನವಾಗಿ ರೂಢಿಯಾಯಿತು. ನಾನು ಮಾತಾಡಿದರೆ ಇಲ್ಲಿಯವರಿಗೆ ಜಗಳಕ್ಕೆ ಬಂದಂತೆ ಕೇಳಿಸುತ್ತಿತ್ತಂತೆ. ಅವರು ಮಾತಾಡಿದರೆ ನನಗೆ ಅರ್ಧ ಪದ ನುಂಗಿದಂತೆ ಕೇಳಿಸುತ್ತಿತ್ತು. ಊಟದಲ್ಲೂ ನುಂಗುವುದೇ. ರೊಟ್ಟಿ ತಿನ್ನುವ ನಾವು ಹಲ್ಲನ್ನು ನಂಬಿದವರು, ಮುದ್ದೆಗೆ ಗಂಟಲನ್ನು ನಂಬಬೇಕು. ನಾನು ಅಗಿದದ್ದನ್ನು ನೋಡಿ ಗಂಗಮ್ಮ, "ಅಗೀಬ್ಯಾಡಿ ಮೇಡಂ, ಸಾರಲ್ಲಿ ಅದ್ದಿ ಒಳಕ್ ಕಳ್ಸಿ, ಅದುಕ್ಕೆ ದಾರಿ ಗೊತ್ತೈತೆ" ಎಂದರು. ಮುದ್ದೆ ದಾರಿ ಕಂಡುಕೊಂಡ ದಿನ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಅವ್ವ ಅತ್ತಳು. ಭಾನುವಾರ ಮಧ್ಯಾಹ್ನಗಳು ಮಾತ್ರ ರೂಢಿಯಾಗಲಿಲ್ಲ. ಬೀದಿಯ ಮನೆಗಳಲ್ಲೆಲ್ಲ ಕುಕ್ಕರ್ ಕೂಗಿ ನಿಂತ ಮೇಲೆ ಉಳಿಯುವ ನಿಶ್ಶಬ್ದದಲ್ಲಿ ನನ್ನ ಹೆಸರು ಹಿಡಿದು ಕರೆಯುವ ಒಬ್ಬರೂ ಈ ಊರಲ್ಲಿಲ್ಲ ಎನ್ನಿಸುತ್ತಿತ್ತು. ಎಲ್ಲರಿಗೂ ನಾನು ಮೇಡಂ.

ಹೂವಿನ ಹೆದರಿಕೆಯೂ ಹೋಗಲಿಲ್ಲ. ತುಮಕೂರಿನ ಬಸ್‌ಸ್ಟ್ಯಾಂಡಿನ ಹೊರಗೆ ಬುಟ್ಟಿ ಬುಟ್ಟಿ ಹೂವು. ಗುಬ್ಬಿಯ ಬಸ್ಸಿನಲ್ಲಿ ಮುಂದಿನ ಸೀಟಿನ ತಲೆಯಲ್ಲೆಲ್ಲ ಹೂವು. ಹೆಚ್ಚಿನವರು ಸುಮ್ಮನೆ ಇಷ್ಟಕ್ಕೆ ಮುಡಿದವರು, ಅದು ನನಗೂ ಗೊತ್ತು. ಆದರೂ ಕ್ಲಾಸಿನಲ್ಲಿ ಹಾಜರಿ ಕರೆಯುವಾಗ ಮುಖ ನೋಡುವ ಮೊದಲು ಜಡೆ ನೋಡುವ ಅಭ್ಯಾಸವಾಯಿತು. ಎಂದಿಗಿಂತ ಹೆಚ್ಚು ಹೂವಿದ್ದರೆ ಮುಂದಿನ ಹೆಸರು ಕರೆಯುವುದನ್ನೇ ಮರೆಯುತ್ತಿದ್ದೆ.

ರಕ್ಷಿತಾ ಕೊನೆಯ ವರ್ಷದ ಬಿ.ಎ. ಹುಡುಗಿ. ಊರು ಕುಣಿಗಲ್ ಹತ್ತಿರದ ಕೊತ್ತಗೆರೆ. ಚಿಕ್ಕಂದಿನಿಂದಲೂ ಗುಬ್ಬಿಯಲ್ಲಿ ಸೋದರತ್ತೆ ಸಾವಿತ್ರಮ್ಮನವರ ಮನೆಯಲ್ಲಿದ್ದು ಓದುತ್ತಿದ್ದಳು. ಒಂದು ದಿನ ನಾನು ಕೊನೆಯ ಅಂಕದ ಮೌನದ ಬಗ್ಗೆ ಪಾಠ ಮಾಡುತ್ತಿದ್ದಾಗ ಎದ್ದು ನಿಂತು, "ಮೇಡಂ, ಸುಮ್ನಿದ್ರೆ ಒಪ್ಕೊಂಡಂಗೆ ಅಂತ ತಾನೇ ಎಲ್ರೂ ಅನ್ಕೊಳ್ಳೋದು?" ಎಂದಳು. ಹೌದು ಎಂದೆ. "ಹಂಗಾದ್ರೆ ಅವ್ಳು ಒಪ್ಕೊಂಡ್ಳೋ ಇಲ್ವೋ ಬರ್ದೋನಿಗೂ ಗೊತ್ತಿಲ್ಲ" ಎಂದಳು. ಕ್ಲಾಸು ನಕ್ಕಿತು, ಅವಳು ನಗಲಿಲ್ಲ.

ಆಮೇಲೆ ಕಾರಿಡಾರಿನಲ್ಲಿ ಸಿಕ್ಕಾಗ ವಿಷಯ ಹೇಳಿದಳು. ಸಾವಿತ್ರಮ್ಮನ ಮಗ ನಾಗರಾಜನಿಗೆ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ. ಅವನಿಗೇ ಇವಳು ಎಂದು ದೊಡ್ಡವರು ಎಂದೋ ಮಾತಾಡಿಕೊಂಡಿದ್ದಾರೆ. "ಅವ್ನು ಒಳ್ಳೇವ್ನೇ ಮೇಡಂ. ಆದ್ರೆ ಒಂದೇ ತಟ್ಟೇಲಿ ಉಂಡ್ಕೊಂಡು ಬೆಳ್ದಿದೀವಿ, ನಂಗೆ ಅಣ್ಣ ಇದ್ದಂಗೆ. ನಂಗೆ ತುಮ್ಕೂರಲ್ಲಿ ಎಂ.ಎ. ಮಾಡ್ಬೇಕು. ಹೂ ಮುಡ್ಸೋಕ್ ಮುಂಚೆ ಏನಾದ್ರೂ ಅನ್ಬೋದು. ಆಮೇಲೆ ಅನ್ನೋಕೆ ಏನೂ ಇರಲ್ಲ." ಯಾವಾಗ ಮುಡಿಸುತ್ತಾರೆ ಎಂದು ಕೇಳಿದೆ. "ಗೊತ್ತಿಲ್ಲ, ಹುಡ್ಗೀರ್ಗೆ ಹೇಳಲ್ಲ" ಎಂದಳು.

ಸಾವಿತ್ರಮ್ಮ ಕೆಟ್ಟವರಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಅವರು ದಿನವೂ ಮಧ್ಯಾಹ್ನ ಬಿಸಿ ಊಟದ ಡಬ್ಬಿ ಹಿಡಿದು ಕಾಲೇಜಿನ ಗೇಟಿಗೆ ಬರುತ್ತಿದ್ದರು. ನನಗೂ ಒಂದು ಡಬ್ಬಿ. ಒಳ್ಳೆಯ ಮಾತುಗಾರ್ತಿ, ನಗಿಸುವವರು. ಮೊದಲ ಸಲ ಸಿಕ್ಕಾಗ ರಕ್ಷಿತಾಳ ಹೆಗಲ ಮೇಲೆ ಕೈ ಇಟ್ಟು, "ಇವ್ಳು ನನ್ ಸೊಸೆ" ಎಂದಿದ್ದರು. ಅಣ್ಣನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ, ಧಾರವಾಡವಾದರೂ ಅಷ್ಟೇ, ಗುಬ್ಬಿಯಾದರೂ ಅಷ್ಟೇ. ಹಾಗಾಗಿ ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಯಾವಾಗ ಎಂದು ಕೇಳಿದವರಿಗೆ ಗೊತ್ತಾಗುವುದಿಲ್ಲ.

ಆ ವರ್ಷ ಕಾಲೇಜಿನ ವಾರ್ಷಿಕೋತ್ಸವಕ್ಕೆ ನಾನೊಂದು ನಾಟಕ ಬರೆದೆ. ಹಳೆಯ ಇಂಗ್ಲಿಷ್ ಹಾಸ್ಯನಾಟಕಗಳ ಅಚ್ಚಿನಲ್ಲೇ ಎರಕ ಹೊಯ್ದದ್ದು. ಹುಡುಗರು ಅದನ್ನು ಗುಬ್ಬಿಗೆ ಒಗ್ಗಿಸಿದರು. ಲಂಡನ್ನಿನ ಮನೆ ಹೋಗಿ ಮಂಡಿ ಪಕ್ಕದ ಮನೆಯಾಯಿತು, ಟೀ ಹೋಗಿ ಕಾಫಿ ಬಂತು, ನಾಟಕಕ್ಕೆ 'ಗಾರ್ಡಿಯನ್ ಗೌರಮ್ಮ' ಎಂದು ಅವರೇ ಹೆಸರಿಟ್ಟರು. ಉಂಗುರ ತೊಡಿಸುವ ಜಾಗದಲ್ಲಿ ಅತ್ತೆ ಗೌರಮ್ಮ ಹುಡುಗಿಗೆ ಹೂ ಮುಡಿಸುವಂತೆ ಮಾಡಿದ್ದೂ ಅವರೇ. ನನಗೆ ಖುಷಿಯಾಯಿತು. ಹೂ ಮುಡಿಸಿದ ಮೇಲೆ ಹುಡುಗಿಗೆ ಒಂದೂ ಮಾತಿಲ್ಲ, ಸುತ್ತ ಎಲ್ಲರೂ ಮಾತಾಡುತ್ತಿರುತ್ತಾರೆ, ಪರದೆ ಬೀಳುತ್ತದೆ. ಆ ಮೌನ ಜನರನ್ನು ಚುಚ್ಚುತ್ತದೆ ಎಂದು ನನ್ನ ಲೆಕ್ಕಾಚಾರ. ಹುಡುಗಿಯ ಪಾತ್ರ ರಕ್ಷಿತಾಳದು.

ಗೌರಮ್ಮನ ಪಾತ್ರಕ್ಕೆ ಯಾರೂ ಒದಗಲಿಲ್ಲ. ಡಬ್ಬಿ ತಂದು ರಿಹರ್ಸಲ್ ನೋಡುತ್ತ ಕೂರುತ್ತಿದ್ದ ಸಾವಿತ್ರಮ್ಮನಿಗೆ ಆ ಹೊತ್ತಿಗೆ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. "ನಾನೇ ಮಾಡ್ಬುಡ್ಲಾ ಮೇಡಂ? ನಮ್ ತಾತ ನಾಟ್ಕದ ಕಂಪ್ನೀಲಿ ಹಾರ್ಮೋನಿ ಬಾರುಸ್ತಿದ್ರು" ಎಂದರು. ಊರಿನವರೊಬ್ಬರು ಸೇರಿದರೆ ಜನ ಬರುತ್ತಾರೆ ಎಂದು ಪ್ರಿನ್ಸಿಪಾಲರೂ ಒಪ್ಪಿದರು. ಸಾವಿತ್ರಮ್ಮ ಮೊದಲ ದಿನವೇ ಎಲ್ಲರನ್ನೂ ನಗಿಸಿಬಿಟ್ಟರು. ಬಂದ ಗಂಡನ್ನು ತಲೆಯಿಂದ ಕಾಲಿನವರೆಗೆ ನೋಡಿ "ಯಾವ ಜನ?" ಎಂದದ್ದಕ್ಕೆ ನಾನು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಅದು ನಾಟಕದಲ್ಲಿರಲಿಲ್ಲ, ಅವರೇ ಸೇರಿಸಿದ್ದು.

ಹೂ ಮುಡಿಸುವ ದೃಶ್ಯವನ್ನು ಮಾತ್ರ ಅವರು ನಗದೆ ಮಾಡುತ್ತಿದ್ದರು. ರಿಹರ್ಸಲ್‌ಗೆಂದು ನಾನು ತಂದಿದ್ದ ಬಟ್ಟೆಯ ಹೂವನ್ನು ಎರಡೂ ಕೈಯಲ್ಲಿ ಹಿಡಿದು, ಪೂರ್ವಕ್ಕೆ ತಿರುಗಿ ನಿಲ್ಲು ಎಂದು ರಕ್ಷಿತಾಳಿಗೆ ಹೇಳುತ್ತಿದ್ದರು. "ಜನರ ಕಡೆಗೆ ತಿರುಗಬೇಕು" ಎಂದು ನಾನು ಹೇಳಿದರೆ, "ಆ ದಿಕ್ಕಲ್ಲಿ ಮುಡಿಸ್ಬಾರ್ದು ಮೇಡಂ" ಎನ್ನುತ್ತಿದ್ದರು. ಊರಿನ ಪದ್ಧತಿ ಎಂದುಕೊಂಡು ಸುಮ್ಮನಾದೆ. ಹೊರಗಿನಿಂದ ಬಂದವರಿಗೆ ಇದೊಂದು ಕಷ್ಟ, ಎಲ್ಲದಕ್ಕೂ ಪದ್ಧತಿ ಎಂಬ ಉತ್ತರ ಸಾಕಾಗಿಬಿಡುತ್ತದೆ.

ನಾಟಕದ ದಿನ ಸಂಜೆ ಸಭಾಂಗಣ ತುಂಬಿತ್ತು. ಮೂರನೆಯ ಅಂಕ ಶುರುವಾದ ಮೇಲೆ ನಾನು ವೇದಿಕೆಯ ಪಕ್ಕದಲ್ಲಿ ನಿಂತು ಸಾಮಾನಿನ ಮೇಜು ನೋಡಿದೆ. ಬಟ್ಟೆಯ ಹೂವು ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಬಾಳೆಎಲೆಯಲ್ಲಿ ಸುತ್ತಿದ ನಿಜವಾದ ಹೂವು, ಕಾಕಡ, ಕನಕಾಂಬರ, ಮಧ್ಯೆ ಮಧ್ಯೆ ಮರುಗ. ಪಕ್ಕದ ತಟ್ಟೆಯಲ್ಲಿ ಕೆಂಪಂಚಿನ ಸೀರೆ, ತೆಂಗಿನಕಾಯಿ, ವೀಳ್ಯದೆಲೆ, ಅಡಿಕೆ. ಇವು ಯಾವುದೂ ನಾಟಕದ್ದಲ್ಲ. ಪರದೆಯ ಸಂದಿಯಿಂದ ಮುಂದಿನ ಸಾಲು ನೋಡಿದೆ. ರಕ್ಷಿತಾಳ ಅಪ್ಪ ಬಿಳಿ ಪಂಚೆಯಲ್ಲಿ, ಅಮ್ಮ ರೇಷ್ಮೆ ಸೀರೆಯಲ್ಲಿ ಕೂತಿದ್ದರು. ಅವರ ಪಕ್ಕ ಇಸ್ತ್ರಿ ಷರ್ಟು ಹಾಕಿಕೊಂಡು ನಾಗರಾಜ. ಅವರ ಹಿಂದೆ ಕೊತ್ತಗೆರೆಯಿಂದ ಬಂದ ನೆಂಟರು. ಯಾರೂ ನಾಟಕ ನೋಡಲು ಬಂದವರ ಹಾಗೆ ಕೂತಿರಲಿಲ್ಲ.

ಗೌರಮ್ಮನ ವೇಷದಲ್ಲಿದ್ದ ಸಾವಿತ್ರಮ್ಮ ಹೂವು ತೆಗೆದುಕೊಳ್ಳಲು ಬಂದರು.

"ಇದೇನು ಸಾವಿತ್ರಮ್ಮ?" ಎಂದೆ.

"ಹೆಂಗೂ ಎಲ್ರೂ ಬಂದವ್ರೆ ಮೇಡಂ. ದಿನಾನೂ ಚೆನ್ನಾಗೈತೆ. ಒಂದೇ ಸಲ ಶಾಸ್ತ್ರಾನೂ ಆಗೋಯ್ತದೆ" ಎಂದರು, ಕಾಫಿಗೆ ಸಕ್ಕರೆ ಸಾಕೇ ಎಂದು ಕೇಳುವಷ್ಟೇ ಮೆಲ್ಲಗೆ.

"ಅವಳನ್ನು ಕೇಳಿದ್ದೀರಾ?"

"ನಿಮ್ ನಾಟ್ಕದಾಗೆ ಅವ್ಳಿಗೆ ಮಾತೇ ಇಲ್ವಲ್ಲ. ನೀವೇ ಬರ್ದಿದ್ದು" ಎಂದು ನಕ್ಕರು. "ಬುಡಿ ಮೇಡಂ, ಟೈಮಾಯ್ತು."

ಅವರು ವೇದಿಕೆಗೆ ಹೋಗಿಬಿಟ್ಟರು.  ಪರದೆ ಎಳೆಸಬೇಕೆಂದರೆ ಹಗ್ಗ ಆ ಕಡೆಯಿತ್ತು. ಕೂಗಿದರೆ ನಾಟಕ ನಿಲ್ಲುತ್ತಿತ್ತು ನಿಜ, ಆದರೆ ಅವಳ ಅಪ್ಪನ ಎದುರು, ಊರಿನವರ ಎದುರು ಆಗುವ ರಂಪವನ್ನು ಅವಳೇ ಹೊರಬೇಕಾಗುತ್ತಿತ್ತು. ರಕ್ಷಿತಾ ವೇದಿಕೆಯ ನಡುವೆ ತಲೆತಗ್ಗಿಸಿ ನಿಂತಿದ್ದಳು, ನಾನು ಹೇಳಿಕೊಟ್ಟ ಹಾಗೆಯೇ. ನಾನು ಪರದೆಯ ಅಂಚಿಗೆ ಬಂದು ನಿಂತು ಅವಳು ನನ್ನತ್ತ ನೋಡಲಿ ಎಂದು ಕಾದೆ. ನೋಡಿದಳು. ಹೂವಿನ ಕಡೆ ತೋರಿಸಿದೆ, ಮುಂದಿನ ಸಾಲಿನ ಕಡೆ ತೋರಿಸಿದೆ. ಹೂವಿನ ವಾಸನೆ ಆ ಹೊತ್ತಿಗೆ ಅವಳಿಗೂ ತಾಗಿರಬೇಕು. ಬಟ್ಟೆಯ ಹೂವಿಗೆ ವಾಸನೆ ಇರುವುದಿಲ್ಲ.

ಸಾವಿತ್ರಮ್ಮ ಕೈ ಎತ್ತಿದರು. ರಕ್ಷಿತಾ ಒಂದು ಹೆಜ್ಜೆ ಹಿಂದೆ ಸರಿದು ಅವರ ಮಣಿಕಟ್ಟು ಹಿಡಿದಳು.

"ಬುಡಿ ಅತ್ತೆ" ಎಂದಳು.

ಸಭಾಂಗಣ ಗೊಳ್ಳೆಂದು ನಕ್ಕಿತು. ಜನರಿಗೆ ಅದು ನಾಟಕ. ಸಾವಿತ್ರಮ್ಮನೂ ಬಿಡುವವರಲ್ಲ. "ಬುಡೋದಾ? ಬುಟ್ರೆ ನಿನ್ ಯಾರ್ ಹಿಡ್ಕತಾರೆ?" ಎಂದರು. ಇನ್ನೂ ಜೋರಾದ ನಗು.

"ಯಾರೂ ಹಿಡ್ಕೊಳದು ಬ್ಯಾಡ. ನಾನು ಇನ್ನೂ ಓದ್ಬೇಕು" ಎಂದಳು ರಕ್ಷಿತಾ. ಹಿಡಿದ ಕೈ ಬಿಡಲಿಲ್ಲ. "ಅಷ್ಟು ಚೆಂದದ ಹೂವ ಯಾಕ್ ಹಾಳ್ ಮಾಡ್ತೀರ ಅತ್ತೆ? ನಿಮ್ಗೇ ಒಪ್ಪುತ್ತೆ." ಅವರ ಕೈಯಿಂದ ಹೂ ತೆಗೆದುಕೊಂಡು, ಅವರನ್ನು ಮೆಲ್ಲಗೆ ತಿರುಗಿಸಿ, ಅವರದೇ ತುರುಬಿಗೆ ಮುಡಿಸಿದಳು.

ಚಪ್ಪಾಳೆ, ಸೀಟಿ. ನಾನು ಮಾತ್ರ ಸಾವಿತ್ರಮ್ಮನ ಮುಖ ನೋಡುತ್ತಿದ್ದೆ. ಅಷ್ಟು ವರ್ಷ ಓದಿದ ನಾಟಕಗಳಲ್ಲಿ ಆ ಅತ್ತೆ ಕೊನೆಯಲ್ಲಿ ಮಾತು ಸೋತದ್ದನ್ನು ನಾನು ಕಂಡಿರಲಿಲ್ಲ. ಇವರು ಸೋತರು. ಬಾಯಿ ಅರ್ಧ ತೆರೆದು, ತಲೆಯ ಹೂವನ್ನು ಒಂದು ಕೈಯಿಂದ ಮುಟ್ಟಿ ನೋಡಿಕೊಂಡು ನಿಂತೇ ಇದ್ದರು. ಅವರಿಗೆ ಯಾವ ವಯಸ್ಸಿನಲ್ಲಿ ಯಾರು ಹೂ ಮುಡಿಸಿದರೋ, ಆಗ ಅವರನ್ನು ಯಾರಾದರೂ ಕೇಳಿದ್ದರೋ ಇಲ್ಲವೋ ಎಂದು ನನಗೆ ಆಗ ಮೊದಲ ಸಲ ಹೊಳೆಯಿತು. ಪರದೆ ಬಿತ್ತು. ಮುಂದಿನ ಸಾಲಿನಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಅರ್ಧ ಗಂಟೆಯೊಳಗೆ ರಕ್ಷಿತಾಳನ್ನು ಅವಳ ಅಪ್ಪ ಕಾರಿನಲ್ಲಿ ಕೂರಿಸಿಕೊಂಡು ಕೊತ್ತಗೆರೆಗೆ ಹೊರಟರು. ಬಣ್ಣ ತೊಳೆಯುವುದಕ್ಕೂ ಬಿಡಲಿಲ್ಲ. ಸಾವಿತ್ರಮ್ಮ ತಟ್ಟೆಯ ಮೇಲೆ ಟವೆಲ್ ಮುಚ್ಚಿಕೊಂಡು ನನ್ನ ಹತ್ತಿರ ಬಂದರು.

"ನಾಟ್ಕ ಚೆನ್ನಾಗ್ ಬರ್ದಿದೀರ ಮೇಡಂ" ಎಂದರು.

"ಕೊನೆಯದು ನಾನು ಬರೆದದ್ದಲ್ಲ ಸಾವಿತ್ರಮ್ಮ."

"ಗೊತ್ತು ಬುಡಿ" ಎಂದರು. ತಲೆಯ ಹೂವನ್ನು ಅವರು ಇನ್ನೂ ತೆಗೆದಿರಲಿಲ್ಲ. "ಹುಶಾರಾಗಿರಿ. ಒಬ್ರೇ ಓಡಾಡ್ತೀರ." ಅದು ಕಾಳಜಿಯೋ ಬೆದರಿಕೆಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಮರುದಿನದಿಂದ ಡಬ್ಬಿ ಬರಲಿಲ್ಲ.

ರಕ್ಷಿತಾಳ ಫೋನ್ ಸ್ವಿಚ್ ಆಫ್ ಆಗಿತ್ತು. ಹಾಜರಿಯಲ್ಲಿ ಅವಳ ಹೆಸರು ಕರೆದಾಗ ಕ್ಲಾಸು ಸುಮ್ಮನಿರುತ್ತಿತ್ತು. ಸಿಂಧು ಹೋದಾಗಲೂ ಹೀಗೇ ಇತ್ತು. ಒಂದು ಭಾನುವಾರ ತಡೆಯಲಾರದೆ ಕುಣಿಗಲ್ ಬಸ್ ಹತ್ತಿ, ಅಲ್ಲಿಂದ ಆಟೋ ಹಿಡಿದು ಕೊತ್ತಗೆರೆಗೆ ಹೋದೆ. ಅವಳಮ್ಮ ಜಗುಲಿಯಲ್ಲಿ ಚಾಪೆ ಹಾಸಿ ಕಾಫಿ ಕೊಟ್ಟರು. "ಜ್ವರ ಮೇಡಂ, ಮಲ್ಗವ್ಳೆ" ಎಂದರು. ಒಳಗಿನ ಕೋಣೆಯ ಬಾಗಿಲು ಹಾಕಿತ್ತು, ಹೊರಗಿನ ಚಿಲಕ. ಅಷ್ಟರಲ್ಲಿ ಅವಳ ಅಪ್ಪ ಬಂದು ನಿಂತರು. ಕೂರಲಿಲ್ಲ. "ಬಸ್ ಹೊಂಟೋಯ್ತವೆ, ಲೇಟಾದ್ರೆ ಸಿಗಲ್ಲ" ಎಂದರು. ಇನ್ನೂ ಹನ್ನೊಂದು ಗಂಟೆ. ನಾನು ಬೇಕೆಂದೇ ಜೋರಾಗಿ, "ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿದೆ, ಅವಳು ಬರದಿದ್ದರೆ ಕಾಲೇಜಿನಿಂದ ಎಲ್ಲರೂ ವಿಚಾರಿಸಿಕೊಂಡು ಇಲ್ಲಿಗೆ ಬರುತ್ತಾರೆ" ಎಂದೆ. ಅದು ಸುಳ್ಳು, ಯಾರೂ ಬರುತ್ತಿರಲಿಲ್ಲ. ಬಾಗಿಲ ಆ ಕಡೆ ಬಳೆಯ ಸದ್ದಾಯಿತು. "ಬತ್ತೀನಿ" ಎಂದು ಹೇಳಿ ಎದ್ದೆ. ಧಾರವಾಡದವಳ ಬಾಯಲ್ಲಿ ಆ ಮಾತು ಬಂದದ್ದಕ್ಕೆ ಅವಳಮ್ಮ ತಲೆ ಎತ್ತಿ ನೋಡಿದರು.

ಪರೀಕ್ಷೆಯ ಮೊದಲ ದಿನ ನಾನೇ ಕೊಠಡಿಯ ಮೇಲ್ವಿಚಾರಕಿ. ಎಲ್ಲರೂ ಕೂತ ಮೇಲೆ ರಕ್ಷಿತಾ ಬಂದಳು. ಜಡೆ ಕಾಣದಷ್ಟು ಹೂವು ಮುಡಿದಿದ್ದಳು.  ಪ್ರಶ್ನೆಪತ್ರಿಕೆ ಕೊಡುವ ನೆಪದಲ್ಲಿ ಬಗ್ಗಿ, "ಮುಡಿಸಿದರಾ?" ಎಂದು ಕೇಳಿದೆ.

"ಇಲ್ಲ ಮೇಡಂ. ನಾನೇ ಮುಡ್ಕೊಂಡಿದ್ದು" ಎಂದಳು.

ಹಾಗೆಂದು ಎಲ್ಲವೂ ಸರಿಹೋಯಿತು ಎಂದುಕೊಳ್ಳಬೇಡಿ. ಕಿಟಕಿಯ ಹೊರಗೆ ಮರದ ಕೆಳಗೆ ಅವಳ ಅಪ್ಪ ಬೈಕಿನ ಮೇಲೆ ಕೂತಿದ್ದರು. ಪ್ರತಿ ಪರೀಕ್ಷೆಗೂ ಹಾಗೆಯೇ ಬಂದು ಕೂತು, ಮುಗಿದ ಕೂಡಲೇ ಕರೆದುಕೊಂಡು ಹೋಗುತ್ತಿದ್ದರು. "ರಿಸಲ್ಟ್ ಬರೋಗಂಟ ಯಾರೂ ಮಾತೆತ್ತಲ್ಲ ಅಂದವ್ರೆ. ಆಮೇಲಿಂದು ಗೊತ್ತಿಲ್ಲ" ಎಂದಿದ್ದಾಳೆ. ಇದನ್ನು ಬರೆಯುವ ಹೊತ್ತಿಗೆ ರಿಸಲ್ಟ್ ಇನ್ನೂ ಬಂದಿಲ್ಲ. ನನಗೆ ಭಯವಿದೆ.

ರಜೆಗೆ ಧಾರವಾಡಕ್ಕೆ ಬಂದೆ. ರೊಟ್ಟಿ, ಎಣಗಾಯಿ, ನನ್ನ ಹೆಸರು ಹಿಡಿದು ಕರೆಯುವ ಜನ. ಎರಡು ದಿನ ಸುಖವಾಗಿ ಮಲಗಿದೆ. ಮೂರನೆಯ ದಿನ ಬೆಳಿಗ್ಗೆ ಅವ್ವ ಹೊಸ ಸೀರೆ ಉಟ್ಟುಕೋ ಎಂದಳು. ಹುಬ್ಬಳ್ಳಿಯಿಂದ ಯಾರೋ ಬರುವವರಿದ್ದರು. ಅಣ್ಣನ ಮಗಳು ಪೂಜಾಳನ್ನು ನೋಡಿಕೊಂಡು ಹೋಗಿದ್ದರಂತೆ, ಒಪ್ಪಿಗೆಯಂತೆ. ಪೂಜಾ ಡಿಗ್ರಿ ಎರಡನೆಯ ವರ್ಷ. ಚಿಕ್ಕವಳಿದ್ದಾಗ ನಾನೇ ಹೆಗಲ ಮೇಲೆ ಕೂರಿಸಿಕೊಂಡು ಓಡಾಡಿಸಿದ ಹುಡುಗಿ. ಇಡೀ ಬೆಳಿಗ್ಗೆ ಅವಳ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅದನ್ನು ನಾನು ಗಮನಿಸಿರಲೇ ಇಲ್ಲ, ಇದು ನಮ್ಮ ಮನೆಯಲ್ಲವೇ.

ಎಲ್ಲರೂ ಪಡಸಾಲೆಯಲ್ಲಿ ಕೂತ ಮೇಲೆ ಅವ್ವ ನನ್ನ ಕೈಗೆ ಸಕ್ಕರೆಯ ಬಟ್ಟಲು ಕೊಟ್ಟಳು.

"ನೀನ ಹಾಕವಾ ಆಕಿ ಬಾಯಾಗ. ಸೋದರತ್ತಿ ನೀನ ಅಲ್ಲೇನ" ಎಂದಳು.

ನಾನು ಬಟ್ಟಲು ಹಿಡಿದು ಪೂಜಾಳ ಎದುರು ನಿಂತೆ. ಎಲ್ಲರೂ ಮಾತಾಡುತ್ತಿದ್ದರು. ಮಳೆ, ರಸ್ತೆ, ಯಾರದೋ ಮನೆ ಕಟ್ಟಿದ ಸುದ್ದಿ. ಅವಳು ತಲೆತಗ್ಗಿಸಿದ್ದಳು. ಬೆರಳಲ್ಲಿ ಸಕ್ಕರೆ ತೆಗೆದುಕೊಂಡೆ. ಅವಳು ಕಣ್ಣೆತ್ತಿ ನನ್ನನ್ನು ನೋಡಿದಳು. ಸಿಂಧು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನೋಡಿದ್ದೂ ಹೀಗೆಯೇ.

ಸಕ್ಕರೆಯನ್ನು ಮತ್ತೆ ಬಟ್ಟಲಿಗೆ ಉದುರಿಸಿದೆ.

"ಬುಡಿ" ಎಂದೆ.

ಎಲ್ಲರೂ ನನ್ನತ್ತ ತಿರುಗಿದರು. ಆಮೇಲೆ ಅಣ್ಣ ನಕ್ಕ. "ಅದೇನ ಭಾಷಾ ಅದು? ತುಮಕೂರಿಗೆ ಹೋಗಿ ಮಾತ ಕೆಡಿಸ್ಕೊಂಡ ಬಂದಾಳ ನೋಡ್ರಿ" ಎಂದ. ಬಂದವರೂ ನಕ್ಕರು, ಅವ್ವನೂ ನಕ್ಕಳು. ನಾನು ಹುಟ್ಟಿದ ಮನೆಯಲ್ಲಿ ನನ್ನ ಮಾತು ಯಾರಿಗೂ ತಿಳಿಯಲಿಲ್ಲ. ಪೂಜಾ ನಗಲಿಲ್ಲ. ಬಟ್ಟಲು ಹಿಡಿದಿದ್ದ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.